ಹಳೆಯ ಗಾಜಿನ ಸೀಸೆಗಳೂ ಅವುಗಳ ಕಾಲನಿರ್ಣಯವೂ

ಚರಿತ್ರೆಯ ಮಾತು ಬಂದೊಡನೆ ನಮ್ಮ ಮನಸ್ಸು ಶಿಲಾಶಾಸನ, ತಾಮ್ರಪಟ, ನಾಣ್ಯ, ದೇವಾಲಯ, ಕೋಟೆಕೊತ್ತಲಗಳ ಕಡೆಗೆ ಹರಿಯುವುದು ಸಹಜವಾಗಿದೆ. ಚಿತ್ರದುರ್ಗದ ಸೀಮೆಯವರಾದ ನಮಗೆ ಈ ವಿಷಯದಲ್ಲಿ ಬಡತನವೇನೂ ಇಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳು ದೊರೆತಿರುವುದನ್ನು ಎಲ್ಲರೂ ಬಲ್ಲರು. ಇವುಗಳನ್ನು ೧೮೯೨ರಲ್ಲಿ ಬಿ. ಎಲ್. ರೈಸ್ ಮಹಾಶಯರು ಬೆಳಕಿಗೆ ತಂದರು. ಆದರೆ ಶಾಸನಗಳು ಅರಸರ ಮಾತನ್ನು ಹೇಳುತ್ತವೆಯೇ ಹೊರತು ಅಡಿಗೆಮನೆಯ ಮಾತನ್ನು ಹೇಳುವುದಿಲ್ಲ. ಕಳೆದ ನೂರೈವತ್ತು ವರ್ಷಗಳಲ್ಲಿ ನಮ್ಮ ಹಳ್ಳಿಯ ಮನೆಗಳಿಗೆ ಯಾವ ಔಷಧ ಬಂದಿತು, ಯಾವ ಪಾನೀಯ ಬಂದಿತು, ಯಾವ ದೀಪ ಉರಿಯಿತು ಎಂಬುದನ್ನು ಕಲ್ಲಿನಲ್ಲಿ ಯಾರೂ ಕೆತ್ತಿಸಲಿಲ್ಲ. ಈ ಕಾಲದ ಸಾಕ್ಷಿಗಳು ಅಟ್ಟದ ಮೂಲೆಯಲ್ಲಿಯೂ ಹಿತ್ತಿಲ ತಿಪ್ಪೆಯಲ್ಲಿಯೂ ಬಿದ್ದಿರುತ್ತವೆ. ಅವುಗಳಲ್ಲಿ ಗಾಜಿನ ಸೀಸೆಯೂ ಒಂದು. ಅದನ್ನು ಓದುವ ಬಗೆ ಹೇಗೆ, ಅದರ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಗಾಜು ಈ ಜಿಲ್ಲೆಗೆ ಹೊಸದಲ್ಲವೆಂಬುದನ್ನು ಮೊದಲು ಹೇಳಬೇಕು. ೧೮೦೦–೧೮೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚಾರಮಾಡಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಹೊಸದುರ್ಗದ ಕಡೆಯ ಮತ್ತೋಡಿನಲ್ಲಿ ಬಳೆಯ ಗಾಜನ್ನು ಕಾಯಿಸುತ್ತಿದ್ದುದನ್ನು ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿಯ ಹಿಟ್ಟಿನಂತೆ ಮೂಡುವ ಸೌಳನ್ನು ಕಲ್ಲಿನ ಪುಡಿಯೊಡನೆ ಕಾಯಿಸಿದರೆ ಗಾಜಾಗುತ್ತಿದ್ದಿತು. ಆದರೆ ಆ ಗಾಜು ಹೆಂಗಸರ ಮುಂಗೈಗೆ ಬಳೆಯಾಯಿತಲ್ಲದೆ ಎಣ್ಣೆ ತುಂಬುವ ಸೀಸೆಯಾಗಲಿಲ್ಲ. ಎಣ್ಣೆ ತುಪ್ಪಗಳಿಗೆ ತೊಗಲಿನ ಸಿದ್ದಿಗೆ, ಮಜ್ಜಿಗೆಗೆ ಮಡಕೆ, ನೀರಿಗೆ ಸೋರೆಯ ಬುರುಡೆ, ದನಕ್ಕೆ ಮದ್ದು ಕುಡಿಸಲು ಬಿದಿರಿನ ಗೊಟ್ಟ—ಇವು ನಮ್ಮ ಪಾತ್ರೆಗಳಾಗಿದ್ದವು. ಆದಕಾರಣ ನಮ್ಮ ಹಳ್ಳಿಯಲ್ಲಿ ದೊರೆಯುವ ಹಳೆಯ ಸೀಸೆಯು ಬಹುಮಟ್ಟಿಗೆ ಹೊರಗಿನಿಂದ ಬಂದುದು. ಅದರ ವಯಸ್ಸನ್ನು ತಿಳಿದರೆ ಹೊರಗಿನ ಲೋಕವು ನಮ್ಮ ಹೊಸ್ತಿಲನ್ನು ಎಂದು ದಾಟಿತೆಂಬುದು ತಕ್ಕಮಟ್ಟಿಗೆ ತಿಳಿಯುತ್ತದೆ. ಈ ಚರ್ಚೆಯ ಪ್ರಯೋಜನವೂ ಅಲ್ಲಿಯೇ ಇದೆ.

ತಾರೀಖಿಲ್ಲದ ವಸ್ತುವಿಗೆ ತಾರೀಖನ್ನು ಕೊಡುವ ವಿದ್ಯೆಗೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಪ್ರಸಿದ್ಧವಾದ ಪಾಠ ನಡೆದಿದೆ. ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಮೊದಲು ಅಗೆಯಿಸಿದ್ದರು. ತರುವಾಯ ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಪುನಃ ಅಗೆಯಿಸಿದರು. ಬ್ರಹ್ಮಗಿರಿಯ ಮಡಕೆಚೂರುಗಳ ಮೇಲೆ ಇಸವಿಯೇನೂ ಬರೆದಿರಲಿಲ್ಲ. ಆದರೆ ಅಲ್ಲಿಯ ಮೇಲಿನ ಪದರದಲ್ಲಿ, ಒಳಮೈಮೇಲೆ ಸಣ್ಣ ಗೆರೆಗಳ ಸುತ್ತುಗಳುಳ್ಳ ಒಂದು ಜಾತಿಯ ನಯವಾದ ಮಣ್ಣಿನ ತಟ್ಟೆಯ ಚೂರುಗಳು ಸಿಕ್ಕಿದವು. ಅದೇ ಜಾತಿಯ ತಟ್ಟೆಗಳು ಪುದುಚೇರಿಯ ಹತ್ತಿರದ ಅರಿಕಮೇಡಿನಲ್ಲಿ ೧೯೪೫ರಲ್ಲಿ ರೋಮಿನ ಸಾಮಾನುಗಳೊಡನೆ ದೊರೆತಿದ್ದವು. ರೋಮಿನ ಸಾಮಾನಿನ ಕಾಲ ಗೊತ್ತಿದ್ದುದರಿಂದ ತಟ್ಟೆಯ ಕಾಲವು ಗೊತ್ತಾಯಿತು. ತಟ್ಟೆಯ ಕಾಲದಿಂದ ಬ್ರಹ್ಮಗಿರಿಯ ಆ ಪದರವು ಕ್ರಿಸ್ತಶಕದ ಮೊದಲನೆಯ ಶತಮಾನದ್ದೆಂದು ಗೊತ್ತಾಯಿತು. ಅದರ ಕೆಳಗಿನ ಪದರಗಳು ಅದಕ್ಕಿಂತ ಹಿಂದಿನವೆಂದು ಕ್ರಮವಾಗಿ ಸಿದ್ಧವಾಯಿತು. ಇದರಲ್ಲಿ ಎರಡು ತತ್ತ್ವಗಳಿವೆ. ವಸ್ತುವಿನ ಮೈಮೇಲಿನ ಕುಶಲಕೆಲಸದ ಗುರುತು ಮೊದಲನೆಯದು. ಅದು ಯಾವ ವಸ್ತುಗಳ ಸಂಗಡ ಯಾವ ಸ್ಥಳದಲ್ಲಿ ಇದ್ದಿತೆಂಬುದು ಎರಡನೆಯದು. ಎರಡು ಸಾವಿರ ವರ್ಷದ ಮಡಕೆಗೆ ಯಾವ ನ್ಯಾಯವೋ ನೂರು ವರ್ಷದ ಸೀಸೆಗೂ ಅದೇ ನ್ಯಾಯ.

ಮೊದಲು ಮೈಮೇಲಿನ ಗುರುತುಗಳನ್ನು ನೋಡೋಣ. ಸೀಸೆಗೆ ನಾವು ಮನುಷ್ಯನ ಅಂಗಗಳ ಹೆಸರನ್ನೇ ಕೊಟ್ಟಿದ್ದೇವೆ: ಬಾಯಿ, ಕೊರಳು, ಹೆಗಲು, ಹೊಟ್ಟೆ. ಇವುಗಳೆಲ್ಲವನ್ನೂ ಹೊತ್ತಿರುವುದು ತಳ. ವೈದ್ಯನು ನಾಡಿಯನ್ನು ಹಿಡಿಯುವಂತೆ ಸೀಸೆಯನ್ನು ಪರೀಕ್ಷಿಸುವವನು ಮೊದಲು ತಳವನ್ನು ನೋಡತಕ್ಕದ್ದು. ಹಳೆಯ ಕಾಲದಲ್ಲಿ ಕುಶಲಗಾರನು ಕರಗಿದ ಗಾಜಿನ ಉಂಡೆಯನ್ನು ಕಬ್ಬಿಣದ ಊದುಗೊಳವೆಯ ತುದಿಗೆ ತೆಗೆದುಕೊಂಡು ಬಾಯಿಂದ ಊದಿ ಸೀಸೆಯನ್ನು ಉಬ್ಬಿಸುತ್ತಿದ್ದನು. ಕೊಳವೆಯಿಂದ ಬಿಡಿಸಿ ಬಾಯಿಯ ಅಂಚನ್ನು ತಿದ್ದುವಾಗ ಸೀಸೆಯನ್ನು ಹಿಡಿದುಕೊಳ್ಳಲು ತಳಕ್ಕೆ ಇನ್ನೊಂದು ಸಲಾಕೆಯನ್ನು ಅಂಟಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಅದನ್ನು ತಟ್ಟಿ ಮುರಿದರೆ ತಳದ ನಡುವೆ ಒರಟಾದ ಗಾಯದ ಕಲೆ ಉಳಿಯುತ್ತಿದ್ದಿತು. ಹತ್ತೊಂಬತ್ತನೆಯ ಶತಮಾನದ ನಡುವೆ, ತಳವನ್ನು ಹೊರಗಿನಿಂದ ತಬ್ಬಿ ಹಿಡಿಯುವ ಇಕ್ಕಳದಂಥ ಸಾಧನವು ಬಳಕೆಗೆ ಬಂದ ಮೇಲೆ ಈ ಕಲೆಯು ಕ್ರಮೇಣ ಮಾಯವಾಯಿತು. ಆದುದರಿಂದ ಸಾಮಾನ್ಯ ಬಳಕೆಯ ಸೀಸೆಯ ತಳದಲ್ಲಿ ಇಂತಹ ಒರಟು ಕಲೆಯಿದ್ದರೆ ಅದು ಸುಮಾರು ೧೮೬೦–೭೦ಕ್ಕೆ ಹಿಂದಿನದಿರಬಹುದೆಂದು ಊಹಿಸಲು ಕಾರಣವುಂಟು. ಇಂದಿಗೂ ಕೈಯಿಂದ ಊದಿದ ಅಲಂಕಾರದ ಸೀಸೆಗಳಲ್ಲಿ ಈ ಕಲೆ ಕಾಣುವುದರಿಂದ ಇದೊಂದನ್ನೇ ನಂಬಲಾಗದು.

ಎರಡನೆಯದಾಗಿ ಅಚ್ಚಿನ ಗೆರೆ. ಎಲ್ಲ ಸೀಸೆಗಳೂ ಒಂದೇ ಅಳತೆಯಲ್ಲಿರಬೇಕಾದರೆ ಗಾಜನ್ನು ಅಚ್ಚಿನೊಳಗೆ ಊದಬೇಕು. ೧೮೨೧ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದ ಹೆನ್ರಿ ರಿಕೆಟ್ಸ್ ಎಂಬುವನು ಮೂರು ಭಾಗಗಳ ಅಚ್ಚಿಗೆ ಹಕ್ಕುಪತ್ರವನ್ನು ಪಡೆದನು. ಆ ಅಚ್ಚಿನ ಸೀಸೆಯಲ್ಲಿ ಹೆಗಲಿನ ಸುತ್ತ ಒಂದು ಅಡ್ಡಗೆರೆಯೂ, ಅದರಿಂದ ಕೊರಳಿಗೆ ಏರುವ ಎರಡು ಗೆರೆಗಳೂ ಇರುತ್ತವೆ. ಮುಂದೆ ಎರಡು ಹೋಳಿನ ಅಚ್ಚುಗಳು ಹೆಚ್ಚಾದವು; ಅವುಗಳ ಗೆರೆಯು ಸೀಸೆಯ ಎರಡು ಪಕ್ಕಗಳಲ್ಲಿ ಕೆಳಗಿನಿಂದ ಮೇಲಕ್ಕೆ ಓಡುತ್ತದೆ. ಕೆಲವು ದ್ರಾಕ್ಷಾರಸದ ಸೀಸೆಗಳನ್ನು ಅಚ್ಚಿನೊಳಗೆ ತಿರುಗಿಸಿ ಗೆರೆಯನ್ನು ಒರಸಿಬಿಡುತ್ತಿದ್ದರು. ಅವುಗಳ ಮೈಮೇಲೆ ಉದ್ದಗೆರೆಯ ಬದಲು ಕುಂಬಾರನ ಚಕ್ರದ ಗುರುತಿನಂತಹ ತೆಳುವಾದ ಸುತ್ತುಗಳು ಕಾಣುತ್ತವೆ.

ಈ ಗೆರೆಯು ಎಲ್ಲಿ ನಿಲ್ಲುತ್ತದೆ ಎಂಬುದೇ ಮುಖ್ಯವಾದ ಪರೀಕ್ಷೆ. ಮೈಯನ್ನು ಅಚ್ಚಿನಲ್ಲಿ ಊದಿದ ಮೇಲೂ ಬಾಯಿಯನ್ನು ಕೈಯಿಂದಲೇ ತಿದ್ದುತ್ತಿದ್ದ ಕಾಲವೊಂದಿದ್ದಿತು. ಅಂತಹ ಸೀಸೆಯಲ್ಲಿ ಗೆರೆಯು ಕೊರಳಿನ ತನಕ ಬಂದು ಬಾಯಿಯ ಕೆಳಗೆ ಅಳಿಸಿಹೋಗಿರುತ್ತದೆ. ೧೮೮೭ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಆಷ್ಲಿ ಎಂಬುವನು ಅರ್ಧ ಯಂತ್ರದಿಂದಲೂ ಅರ್ಧ ಕೈಯಿಂದಲೂ ನಡೆಯುವ ಸಾಧನವನ್ನು ಮಾಡಿದನು. ೧೯೦೩ರಲ್ಲಿ ಅಮೆರಿಕದ ಮೈಕೇಲ್ ಓವೆನ್ಸ್ ಎಂಬುವನು ಗಾಜನ್ನು ತಾನೇ ಹೀರಿ, ತಾನೇ ಊದಿ, ತಾನೇ ಬಿಡಿಸುವ ಪೂರ್ಣ ಯಂತ್ರವನ್ನು ಸಿದ್ಧಪಡಿಸಿದನು. ಯಂತ್ರದ ಸೀಸೆಯಲ್ಲಿ ಗೆರೆಯು ಬಾಯಿಯ ಅಂಚನ್ನೂ ದಾಟುತ್ತದೆ. ಓವೆನ್ಸನ ಯಂತ್ರದ್ದಾದರೆ ತಳದಲ್ಲಿ ಗರಿಯಂಚಿನ ವೃತ್ತಾಕಾರದ ಕಲೆಯೊಂದು, ಅನೇಕವೇಳೆ ನಡುವಿಗೆ ಸರಿಯಾಗಿರದೆ, ಕಾಣುತ್ತದೆ. ಉಗುರನ್ನು ಕೊರಳಿನ ಮೇಲಿಂದ ಬಾಯಿಯ ವರೆಗೆ ಮೆಲ್ಲನೆ ಎಳೆದರೆ ಕಣ್ಣಿಗೆ ಕಾಣದ ಗೆರೆಯೂ ಉಗುರಿಗೆ ತಿಳಿಯುತ್ತದೆ. ಬಾಯಿಯ ಆಕಾರವೂ ಮಾತನಾಡುತ್ತದೆ. ಬೆಂಡಿನ ಬಿರಡೆಗೆ ತಕ್ಕ ನುಣುಪಾದ ಬಾಯಿ ಹಳೆಯ ಪದ್ಧತಿಯದು. ಅಂಚು ನೆರಿಗೆಗಟ್ಟಿದ ತಗಡಿನ ಮುಚ್ಚಳಕ್ಕೆ ತಕ್ಕ ಬಾಯಿಯು, ವಿಲಿಯಂ ಪೇಂಟರ್ ಎಂಬುವನು ಅದರ ಹಕ್ಕುಪತ್ರವನ್ನು ಪಡೆದ ೧೮೯೨ಕ್ಕೆ ಹಿಂದಿನದಾಗಿರಲಾರದು.

ಇಲ್ಲಿಯ ತನಕ ಹೇಳಿದ ಲಕ್ಷಣಗಳನ್ನು ಇಂಗ್ಲೆಂಡು ಅಮೆರಿಕಗಳ ಸಂಗ್ರಾಹಕರು ವಿವರವಾಗಿ ಪಟ್ಟಿಮಾಡಿದ್ದಾರೆ. ಅವರ ಪಟ್ಟಿಯನ್ನು ಹಾಗೆಯೇ ನಮ್ಮ ದೇಶಕ್ಕೆ ಅನ್ವಯಿಸಬಹುದೆ? ಅನ್ವಯಿಸಲಾಗದೆಂಬುದಕ್ಕೆ ನಮ್ಮೆಲ್ಲರಿಗೂ ಪರಿಚಿತವಾದ ಗೋಲಿಸೋಡಾದ ಸೀಸೆಯೇ ಉದಾಹರಣೆ. ಇದನ್ನು ಕಲ್ಪಿಸಿದವನು ಹೈರಮ್ ಕಾಡ್ ಎಂಬ ಆಂಗ್ಲೇಯನು. ಇದು ೧೮೭೨ರ ಹೊತ್ತಿಗೆ ರೂಪುಗೊಂಡಿತು. ಕೊರಳಿನೊಳಗೆ ಒಂದು ಗಾಜಿನ ಗೋಲಿ; ಬಾಯಿಯ ಒಳಗೆ ಒಂದು ರಬ್ಬರಿನ ಬಳೆ. ಸೀಸೆಯನ್ನು ತಲೆಕೆಳಗಾಗಿ ಹಿಡಿದು ಸೋಡಾ ತುಂಬಿದರೆ ಒಳಗಿನ ಅನಿಲವೇ ಗೋಲಿಯನ್ನು ಬಳೆಗೆ ಒತ್ತಿ ಬಿಗಿಯುತ್ತದೆ. ಹೆಬ್ಬೆರಳಿನಿಂದಲೋ ಮರದ ಮೊಟಕಿನಿಂದಲೋ ಗೋಲಿಯನ್ನು ಒಳಕ್ಕೆ ತಳ್ಳಿದರೆ ಶಬ್ದದೊಡನೆ ಬಾಯಿ ತೆರೆಯುತ್ತದೆ. ಕುಡಿಯುವಾಗ ಗೋಲಿಯು ಮತ್ತೆ ಬಾಯಿಗೆ ಅಡ್ಡವಾಗದಂತೆ ಕೊರಳನ್ನು ಹಿಚುಕಿ ತಡೆಯನ್ನು ಮಾಡಿರುತ್ತಾರೆ. ಬಿರಡೆಯ ವೆಚ್ಚವಿಲ್ಲ, ಸೀಸೆ ಮತ್ತೆ ಮತ್ತೆ ಉಪಯೋಗಕ್ಕೆ ಬರುತ್ತದೆ. ತಗಡಿನ ಮುಚ್ಚಳವು ಹರಡಿದ ಮೇಲೆ ಇಂಗ್ಲೆಂಡಿನಲ್ಲಿ ಈ ಸೀಸೆಯು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹಿಂದೆಬಿದ್ದಿತು. ನಮ್ಮ ದೇಶದಲ್ಲಿಯಾದರೋ ಸಂತೆ ಜಾತ್ರೆ ಬಸ್‌ಸ್ಟ್ಯಾಂಡುಗಳಲ್ಲಿ ಅದು ಬಾಳಿತು. ೨೦೨೫ರಲ್ಲಿ ಇಲ್ಲಿಂದ ಹೊರದೇಶಗಳಿಗೂ ಗೋಲಿಸೋಡಾ ರಫ್ತಾಯಿತು. ಹೀಗಿರುವಲ್ಲಿ ಇಂಗ್ಲಿಷಿನ ಪುಸ್ತಕವನ್ನು ನೋಡಿ ಚಳ್ಳಕೆರೆಯ ಗೋಲಿಸೀಸೆಯೊಂದನ್ನು ನೂರಿಪ್ಪತ್ತು ವರ್ಷದ್ದೆಂದು ಹೇಳಿದರೆ ಅದು ನಲವತ್ತು ವರ್ಷದ್ದಾಗಿದ್ದರೂ ಇರಬಹುದು. ಆಕಾರವು ‘ಇದಕ್ಕಿಂತ ಹಿಂದಿನದಲ್ಲ’ ಎಂಬ ಒಂದು ಎಲ್ಲೆಯನ್ನು ಮಾತ್ರ ಹೇಳುತ್ತದೆ; ‘ಇದಕ್ಕಿಂತ ಈಚಿನದಲ್ಲ’ ಎಂಬ ಎರಡನೆಯ ಎಲ್ಲೆಯನ್ನು ಹೇಳುವುದಿಲ್ಲ. ಈ ಭೇದವನ್ನು ಮರೆತರೆ ಕಾಲನಿರ್ಣಯವೆಲ್ಲವೂ ಕೆಡುತ್ತದೆ.

ಬಣ್ಣವನ್ನು ನೋಡಿ ವಯಸ್ಸನ್ನು ಹೇಳುವವರೂ ಉಂಟು. ಮರಳಿನಲ್ಲಿರುವ ಕಬ್ಬಿಣದ ಅಂಶದಿಂದ ಗಾಜಿಗೆ ಹಸುರುಬಣ್ಣ ಬರುತ್ತದೆ. ಇದು ಎಲ್ಲ ಕಾಲದಲ್ಲಿಯೂ ಉಂಟು. ಕೋಬಾಲ್ಟ್ ಸೇರಿದರೆ ಕಡುನೀಲಿ. ವಿಷದ ಸೀಸೆಗಳನ್ನು ಅನೇಕವೇಳೆ ಈ ಬಣ್ಣದಲ್ಲಿ, ಕತ್ತಲೆಯಲ್ಲಿ ಕೈಗೆ ತಿಳಿಯುವಂತೆ ಮೈಮೇಲೆ ಏಣುಗಳನ್ನಿಟ್ಟು ಮಾಡುತ್ತಿದ್ದರು. ಆದರೆ ಹರಳೆಣ್ಣೆಯೂ ನೀಲಿಯ ಸೀಸೆಯಲ್ಲಿ ಬರುತ್ತಿದ್ದುದರಿಂದ ನೀಲಿಯೆಲ್ಲವೂ ವಿಷವಲ್ಲ. ಹಸುರನ್ನು ಅಡಗಿಸಲು ಮ್ಯಾಂಗನೀಸನ್ನು ಹಾಕಿದ ಬಿಳಿಯ ಗಾಜು ಬಹುಕಾಲ ಬಿಸಿಲಿನಲ್ಲಿ ಬಿದ್ದಿದ್ದರೆ ನೇರಳೆಬಣ್ಣಕ್ಕೆ ತಿರುಗುತ್ತದೆ. ಇದು ನಿಜವಾದ ಲಕ್ಷಣವೇ. ಆದರೆ ಈಗ ಕೃತಕ ಕಿರಣಗಳಿಂದ ಕೆಲವೇ ದಿನಗಳಲ್ಲಿ ಇದೇ ಬಣ್ಣವನ್ನು ಬರಿಸಿ ಮಾರುವವರಿದ್ದಾರೆ. ಗುಳ್ಳೆಗಳಿದ್ದರೆ ಹಳೆಯದೆಂಬುದೂ ಸರಿಯಲ್ಲ. ಒಡಕು ಗಾಜನ್ನು ಕರಗಿಸಿ ಮಾಡಿದ ಹೊಸ ಸೀಸೆಯಲ್ಲಿಯೂ ಗುಳ್ಳೆಗಳು ಬೇಕಾದಷ್ಟಿರುತ್ತವೆ. ನೆಲದಲ್ಲಿ ಹೂತ ಗಾಜಿನ ಮೇಲೆ ನವಿಲುಗರಿಯಂತೆ ಹೊಳೆಯುವ ಸಿಪ್ಪೆ ಏಳುವುದುಂಟು. ಕ್ಷಾರಮಣ್ಣು ಗಾಜನ್ನು ಬೇಗನೆ ಸವೆಸುವುದರಿಂದ, ಸೌಳುನೆಲವುಳ್ಳ ಈ ಸೀಮೆಯಲ್ಲಿ ಸಿಪ್ಪೆಯ ದಪ್ಪವನ್ನು ವರ್ಷಗಳ ಲೆಕ್ಕಕ್ಕೆ ಹಿಡಿಯುವುದು ಅಪಾಯಕರವಾದುದು.

ಬಣ್ಣಕ್ಕಿಂತ ಅಕ್ಷರವು ನಂಬಿಕೆಗೆ ಹೆಚ್ಚು ಯೋಗ್ಯವಾದುದು. ಇಂಗ್ಲೆಂಡಿನಲ್ಲಿ ರೆಜಿಸ್ಟರು ಮಾಡಿಸಿದ ನಮೂನೆಗಳ ಮೇಲೆ ೧೮೪೨ರಿಂದ ೧೮೮೩ರ ವರೆಗೆ ಗಾಳಿಪಟದ ಆಕಾರದ ಮುದ್ರೆಯನ್ನೂ, ೧೮೮೪ರಿಂದ ಕ್ರಮಸಂಖ್ಯೆಯನ್ನೂ ಹಾಕುತ್ತಿದ್ದರು. ಸಂಖ್ಯೆಯನ್ನು ನೋಡಿ ನಮೂನೆಯ ಇಸವಿಯನ್ನು ತಿಳಿಯಬಹುದು. ಸ್ವದೇಶಿ ಚಳವಳಿಯ ದಿನಗಳಲ್ಲಿ, ಜನರಿಂದ ಪೈಸೆ ಪೈಸೆಯಾಗಿ ಕೂಡಿಸಿದ ನಿಧಿಯಿಂದ ಪುಣೆಯ ಬಳಿಯ ತಳೇಗಾಂವದಲ್ಲಿ ೧೯೦೮ರಲ್ಲಿ ಪೈಸಾ ಫಂಡ್ ಗಾಜಿನ ಕಾರಖಾನೆ ಸ್ಥಾಪಿತವಾಯಿತು. ೧೯೧೬ರಲ್ಲಿ ಓಗಲೆ ಬಂಧುಗಳ ಕಾರಖಾನೆಯು ಹುಟ್ಟಿತು. ಇಂತಹ ಕಾರಖಾನೆಗಳ ಹೆಸರು ಗಾಜಿನ ಮೇಲೆ ದೊರೆತರೆ ಹಿಂದಿನ ಎಲ್ಲೆಯು ತಾನಾಗಿಯೇ ಗೊತ್ತಾಗುತ್ತದೆ. ಚೀಟಿಯು ಉಳಿದಿದ್ದರಂತೂ ಭಾಗ್ಯವೇ ಸರಿ. ಬೆಲೆಯು ಆಣೆಗಳಲ್ಲಿದ್ದರೆ ಅದು ದಶಮಾಂಶದ ನಾಣ್ಯವು ಬಂದ ೧೯೫೭ರ ಏಪ್ರಿಲಿಗೆ ಮುಂಚಿನ ಬರೆಹ, ‘ನಯಾ ಪೈಸೆ’ಯಿದ್ದರೆ ೧೯೫೭ರಿಂದ ೧೯೬೪ರೊಳಗಿನದು, ಊರಿನ ಮುಂದೆ ‘ಮೈಸೂರು ರಾಜ್ಯ’ವೆಂದಿದ್ದರೆ ಹೆಸರು ಕರ್ನಾಟಕವೆಂದಾದ ೧೯೭೩ರ ನವೆಂಬರಿಗೆ ಹಿಂದಿನದು, ಆರು ಅಂಕಿಯ ಅಂಚೆಸೂಚಿ ಸಂಖ್ಯೆಯಿದ್ದರೆ ೧೯೭೨ರ ಆಗಸ್ಟಿಗೆ ಈಚಿನದು. ಅಳತೆಯು ಔನ್ಸಿನಲ್ಲಿದೆಯೋ ಮಿಲಿಲೀಟರಿನಲ್ಲಿದೆಯೋ ಎಂಬುದನ್ನೂ ನೋಡತಕ್ಕದ್ದು. ಉಳಿದ ಹಳೆಯ ಚೀಟಿಗಳನ್ನು ವ್ಯಾಪಾರಿಗಳು ಕೆಲವು ಕಾಲ ಬಳಸುತ್ತಿದ್ದುದರಿಂದ ಈ ಎಲ್ಲೆಗಳ ಆಚೆ ಈಚೆ ಒಂದೆರಡು ವರ್ಷಗಳ ಸಡಿಲನ್ನು ಬಿಡಬೇಕು.

ಇಷ್ಟು ಗುರುತುಗಳೂ ಕೂಡಿ ಸೀಸೆಯು ಹುಟ್ಟಿದ ಕಾಲವನ್ನು ಹೇಳಿದುವೆನ್ನೋಣ. ಅದು ನಮ್ಮ ಮನೆಗೆ ಬಂದ ಕಾಲವೂ ಅದೇ ಎಂದು ತಿಳಿಯಬಹುದೆ? ತಿಳಿಯಬಾರದು. ನಮ್ಮ ಮನೆಗಳಲ್ಲಿ ಸೀಸೆಯನ್ನು ಎಸೆಯುವ ಪದ್ಧತಿಯೇ ಇರಲಿಲ್ಲ. ಸರ್ಕಾರಿ ಆಸ್ಪತ್ರೆಗೆ ಹೋಗುವ ರೋಗಿಯು ಸೀಸೆಯನ್ನು ಮನೆಯಿಂದಲೇ ಒಯ್ಯುತ್ತಿದ್ದನು. ಕಂಪೌಂಡರು ಅದಕ್ಕೆ ಕೆಂಪು ಔಷಧವನ್ನು ತುಂಬಿ, ಹೊತ್ತಿಗಿಷ್ಟೆಂದು ತಿಳಿಯುವಂತೆ ಅಂಚನ್ನು ಕಚ್ಚುಗಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅಂಟಿಸಿ ಕೊಡುತ್ತಿದ್ದನು. ಔಷಧ ಮುಗಿದರೆ ಅದೇ ಸೀಸೆಗೆ ಜೇನುತುಪ್ಪ, ಬಳಿಕ ಹರಳೆಣ್ಣೆ, ಕೊರಳು ಮುಕ್ಕಾದರೆ ಮುಚ್ಚಳಕ್ಕೆ ತೂತುಮಾಡಿ ಬತ್ತಿಯನ್ನಿಟ್ಟು ಸೀಮೆಎಣ್ಣೆಯ ಬುಡ್ಡಿ. ಅಜ್ಜಿಯ ಕಾಲದ ಸೀಸೆಯು ಮೊಮ್ಮಗಳ ಕಾಲದಲ್ಲಿ ದೀಪವಾಗಿ ಉರಿದುದುಂಟು. ಆದ್ದರಿಂದ ಒಂದು ತಿಪ್ಪೆಯಲ್ಲಿಯೋ ಒಂದು ಹಗೇವಿನಲ್ಲಿಯೋ ಹತ್ತು ವಸ್ತುಗಳು ಒಟ್ಟಿಗೆ ದೊರೆತರೆ, ಅವುಗಳಲ್ಲಿ ಅತ್ಯಂತ ಹಳೆಯದರಿಂದಲ್ಲ, ಅತ್ಯಂತ ಹೊಸದರಿಂದ ಆ ರಾಶಿಯ ಕಾಲವನ್ನು ಎಣಿಸಬೇಕು. ಹತ್ತು ಹಳೆಯ ಸೀಸೆಗಳ ನಡುವೆ ಒಂದು ನಯಾಪೈಸೆ ಇದ್ದರೆ ಆ ರಾಶಿಯು ೧೯೫೭ಕ್ಕೆ ಹಿಂದಿನದಲ್ಲ. ಬ್ರಹ್ಮಗಿರಿಯ ಎರಡನೆಯ ತತ್ತ್ವವು ಇಲ್ಲಿ ಉಪಯೋಗಕ್ಕೆ ಬರುತ್ತದೆ: ಸಂಗಡಿಗರಿಲ್ಲದ ವಸ್ತುವಿನ ಸಾಕ್ಷ್ಯ ಅರ್ಧ ಮಾತ್ರ.

ಈ ಅರ್ಧವೇ ನಮ್ಮ ಕಣ್ಣೆದುರಿಗೆ ಕಳೆದುಹೋಗುತ್ತಿದೆ. ಚಳ್ಳಕೆರೆಯ ಸೀಮೆಯ ವರವು ಕಾವಲನ್ನು ತೆಗೆದುಕೊಳ್ಳಿ. ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ (೧೬೭೨–೧೭೦೪) ಬೆಣ್ಣೆ ಚಾವಡಿಯೆಂದು ಏರ್ಪಟ್ಟು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆಂದು ಹೆಸರಾದ ದನಗಳ ಇಲಾಖೆಗೆ ಮೀಸಲಾಗಿದ್ದ ಹುಲ್ಲುಗಾವಲುಗಳ ಪರಂಪರೆಗೆ ಇಂತಹ ಕಾವಲುಗಳು ಸೇರಿದವು. ೧೮೬೦ರಲ್ಲಿ ಸರ್ಕಾರವು ಆ ಮಂದೆಗಳನ್ನು ಮಾರಿಬಿಟ್ಟು ೧೮೬೬ರಲ್ಲಿ ಮತ್ತೆ ಕಟ್ಟಿತು. ಇಲಾಖೆ ಎದ್ದರೂ ಬಿದ್ದರೂ ಸುತ್ತಲಿನ ಹಳ್ಳಿಗಳ ದನಕುರಿಗಳಿಗೆ ಕಾವಲೇ ಆಧಾರ. ನೇಗಿಲು ತಾಕದ ನೆಲದಲ್ಲಿ ಬಿದ್ದ ವಸ್ತುವು, ಮಳೆಯ ನೀರು ಸರಿಸಿದ ಹೊರತು, ಬಿದ್ದಲ್ಲಿಯೇ ಇರುತ್ತದೆ. ಚರಿತ್ರೆಯ ದೃಷ್ಟಿಯಿಂದ ಇದು ದೊಡ್ಡ ಗುಣ. ಈ ಶತಮಾನದಲ್ಲಿ ವರವು ಕಾವಲಿನ ೪,೦೦೦ ಎಕರೆಗೂ ಮಿಕ್ಕ ಭೂಮಿಯು ರಕ್ಷಣಾ ಸಂಶೋಧನೆಗೆ ಸೇರಿ, ೨೦೧೭ರಲ್ಲಿ ಅಲ್ಲಿ ವಿಮಾನಪರೀಕ್ಷೆಯ ಕ್ಷೇತ್ರವು ಪ್ರಾರಂಭವಾಯಿತು. ಬೇಲಿಯೊಳಗಿನ ನೆಲವು ಈಗ ಹಳ್ಳಿಗರ ನಡಿಗೆಗೆ ಸಿಕ್ಕುವುದಿಲ್ಲ. ಕುರಿಯ ಹಟ್ಟಿ ಎಲ್ಲಿದ್ದಿತು, ದನ ತಂಗುವ ಜಾಗ ಯಾವುದು, ಮದ್ದನ್ನು ಗೊಟ್ಟದಲ್ಲಿ ಕುಡಿಸುತ್ತಿದ್ದುದು ಹೋಗಿ ಸೀಸೆಯಲ್ಲಿ ಕುಡಿಸತೊಡಗಿದುದು ಎಂದು—ಇದನ್ನು ಹೇಳಬಲ್ಲವರು ಆ ನೆಲದ ಮೇಲೆ ಮೇಯಿಸಿದ ಹಿರಿಯರು ಮಾತ್ರ. ನೆಲವು ಕೈತಪ್ಪಿದ ಮೇಲೆ ನೆನಪೇ ಪದರವಾಗಿ ಉಳಿಯುತ್ತದೆ. ಅದೂ ಹಿರಿಯರೊಡನೆ ಹೋಗುವಂಥದು. ಊರೊಳಗಾದರೋ ಮಣ್ಣಿನ ಮಾಳಿಗೆಮನೆಗಳನ್ನು ಕೆಡವಿ ಹೊಸ ಮನೆಗಳನ್ನು ಕಟ್ಟುತ್ತಿದ್ದಾರೆ. ಅಟ್ಟದ ಸೀಸೆಗಳು ತೂಕದ ಲೆಕ್ಕದಲ್ಲಿ ಗುಜರಿಯವನ ಚೀಲಕ್ಕೆ ಬೀಳುತ್ತವೆ. ಹೊಸ ಮನೆಯನ್ನು ಯಾರೂ ಬೇಡವೆನ್ನಲಾರರು. ಆದರೆ ಗುಜರಿಯ ಚೀಲದಿಂದ ಪಟ್ಟಣದ ಅಲಂಕಾರದ ಅಂಗಡಿಗೆ ಹೋದ ಸೀಸೆಗೆ ಬೆಲೆಯು ಹುಟ್ಟುವ ಘಳಿಗೆಯಲ್ಲಿಯೇ ಚರಿತ್ರೆಯು ಸಾಯುತ್ತದೆ. ಅದು ಯಾರ ಮನೆಯದು, ಏನನ್ನು ತುಂಬಿದ್ದಿತು ಎಂಬುದನ್ನು ಹೇಳುವವರು ಅಲ್ಲಿ ಯಾರೂ ಇಲ್ಲ.

ಆದುದರಿಂದ ಮಾಡತಕ್ಕ ಕೆಲಸವು ದೊಡ್ಡದಲ್ಲ, ಆದರೆ ತಡಮಾಡತಕ್ಕದ್ದಲ್ಲ. ಮನೆಯನ್ನು ಬಿಚ್ಚುವ ಮೊದಲು ಅಟ್ಟದಲ್ಲಿರುವ ಸೀಸೆಗಳನ್ನು ಇದ್ದ ಸ್ಥಳದಲ್ಲಿಯೇ ಒಮ್ಮೆ ಚಿತ್ರ ತೆಗೆಯಬೇಕು. ಒಳಗೆ ಏನಾದರೂ ಉಳಿದಿದ್ದರೆ ಮೂಸಿ ನೋಡಬಾರದು. ಹಳೆಯ ಔಷಧಗಳಲ್ಲಿಯೂ ಕೀಟನಾಶಕಗಳಲ್ಲಿಯೂ ವಿಷವಿರುವುದುಂಟು. ಚೀಟಿಯಿರುವ ಸೀಸೆಯನ್ನು ನೀರಿನಲ್ಲಿ ತೊಳೆಯಬಾರದು. ತಳ, ಗೆರೆ, ಬಾಯಿ, ಬಣ್ಣ, ಅಕ್ಷರ—ಈ ಐದನ್ನು ಒಂದು ಹಾಳೆಯಲ್ಲಿ ಗುರುತುಮಾಡಿ, ಅದರ ಕೆಳಗೆ ಮನೆಯ ಹಿರಿಯರು ಹೇಳುವುದನ್ನು ಅವರ ಮಾತಿನಲ್ಲಿಯೇ ಬರೆದಿಡಬೇಕು. ನೆಲವನ್ನು ಅಗೆದು ಹುಡುಕುವ ಉತ್ಸಾಹವು ಮಾತ್ರ ಸಲ್ಲದು. ಬ್ರಹ್ಮಗಿರಿಯಂತಹ ಸಂರಕ್ಷಿತ ಸ್ಥಳಗಳಲ್ಲಿ ಅದು ೧೯೫೮ರ ಶಾಸನಕ್ಕೆ ವಿರುದ್ಧವಾದುದು. ಬೇರೆ ಕಡೆಯಲ್ಲಿಯೂ ಅರಿಯದೆ ಅಗೆದವನು ಪದರವನ್ನು ಕಲಕಿ, ಮುಂದೆ ಅರಿತು ಅಗೆಯುವವನಿಗೆ ಏನನ್ನೂ ಉಳಿಸುವುದಿಲ್ಲ. ನೂರು ವರ್ಷಕ್ಕೆ ಕಡಮೆಯಿಲ್ಲದ ವಸ್ತುಗಳು ೧೯೭೨ರ ಪುರಾವಸ್ತುಗಳ ಕಾನೂನಿನ ವ್ಯಾಪ್ತಿಗೆ ಬರುವುದರಿಂದ ಅವುಗಳನ್ನು ಹೊರದೇಶಕ್ಕೆ ಸಾಗಿಸುವ ವ್ಯಾಪಾರದಿಂದಲೂ ದೂರವಿರಬೇಕು.

ಅಶೋಕನ ಶಾಸನವನ್ನು ಓದಬೇಕಾದರೆ ಬ್ರಾಹ್ಮೀಲಿಪಿಯನ್ನು ಕಲಿಯಬೇಕು. ಸೀಸೆಯ ಲಿಪಿಯನ್ನು ಕಲಿಯಲು ಒಂದು ಸಂಜೆ ಸಾಕು. ಶಾಸನವು ಬಂಡೆಯ ಮೇಲಿದೆ, ಇನ್ನೂ ಸಾವಿರ ವರ್ಷ ಕಾಯಬಲ್ಲದು. ಅಟ್ಟದ ಮೇಲಿನ ಸೀಸೆಯೂ ಅದರ ಕಥೆಯನ್ನು ಬಲ್ಲ ಅಜ್ಜಿಯೂ ಅಷ್ಟು ಕಾಲ ಕಾಯುವುದಿಲ್ಲ. ನಮ್ಮ ಜಿಲ್ಲೆಯ ಒಂದೊಂದು ವಿದ್ಯಾವಂತ ಕುಟುಂಬವೂ ತನ್ನ ಮನೆಯ ಮಟ್ಟಿಗೆ ಇಂತಹ ಒಂದು ಹಾಳೆಯನ್ನು ಬರೆದಿಟ್ಟರೆ, ಯಾವ ಅರಸನೂ ಬರೆಯಿಸದ ಚರಿತ್ರೆಯ ಒಂದು ಅಧ್ಯಾಯವು ಉಳಿದಂತಾಗುವುದು.